ಅಕ್ಕ ಕೇಳಿದ್ದಳು

2004ರ ಬೇಸಿಗೆಯ ಒಂದು ಭಾನುವಾರ, ದಿಲ್ಲಿಯ ಮುಖರ್ಜಿ ನಗರದ ಬಾಡಿಗೆ ಸಭಾಂಗಣವೊಂದರಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. 'ಹೌದು' ಎಂದಿದ್ದರೆ ಸಾಕಿತ್ತು. ಉತ್ತರ ಹೌದೆಂಬುದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಎದುರಿನ ಸಾಲಿನಲ್ಲಿ ಕೂತಿದ್ದ ನನ್ನ ಅಕ್ಕ ವಿಮಲಾ ಎರಡು ದಶಕ ದುಡಿದು ಸಂಪಾದಿಸಿದ್ದ ಹೆಸರು ಆ ಮಧ್ಯಾಹ್ನ ಹೋಯಿತು. ಕಳೆದದ್ದು ನಾನು, ಎರಡೇ ಪದದಲ್ಲಿ.

ಅಕ್ಕ ಆಗ ಟಿವಿ ಧಾರಾವಾಹಿಗಳ ನಿರ್ಮಾಪಕಿ. ನಾನು ಅವಳ ಕಂಪನಿಯಲ್ಲಿ ಪ್ರೊಡಕ್ಷನ್ ಕಂಟ್ರೋಲರ್. ಶೂಟಿಂಗಿಗೆ ಬೇಕಾದ ಜಾಗ, ಗಾಡಿ, ಊಟ, ಜನರೇಟರ್, ಇವುಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ತಂದು ನಿಲ್ಲಿಸುವವನಿಗೆ ಆ ಹೆಸರು. ಇದನ್ನು ಬರೆಯುತ್ತೇನೆಂದಾಗ ಹಳೆಯ ಗೆಳೆಯರು, "ಮುಗಿದದ್ದನ್ನ ಯಾಕೆ ಕೆದಕ್ತೀಯ, ಮರ್ಯಾದೆ ಹೋಗುತ್ತೆ" ಎಂದರು. ಹೋಗಲಿ. ಅಕ್ಕನ ಮರ್ಯಾದೆ ಹೋಗುವಾಗ ಇವರಾರೂ ಅಡ್ಡ ಬರಲಿಲ್ಲ. "ನೀನು ಓದಿದವನಲ್ಲ, ಅಷ್ಟೆಲ್ಲ ತಿಳಿಯಲಿಲ್ಲ ಪಾಪ" ಎಂದವರೂ ಇದ್ದಾರೆ. ಆ ಪಾಪವೂ ನನಗೆ ಬೇಡ. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು, ನಿಜ. 'ಆಗಿದೆ' ಎನ್ನುವುದಕ್ಕೂ 'ಆಗಿಲ್ಲ' ಎನ್ನುವುದಕ್ಕೂ ಇರುವ ವ್ಯತ್ಯಾಸ ತಿಳಿಯಲು ಎಂಟನೇ ತರಗತಿಯೂ ಬೇಕಿಲ್ಲ.

ನಮ್ಮಪ್ಪ ಚಿತ್ರದುರ್ಗದ ಕಡೆಯವರು, ಸೈನ್ಯದಲ್ಲಿ ಅಡುಗೆಯವರಾಗಿದ್ದರು. ಕೊನೆಯ ಪೋಸ್ಟಿಂಗ್ ದಿಲ್ಲಿಗೆ ಬಂತು, ನಾವೂ ಬಂದೆವು, ಆಮೇಲೆ ವಾಪಸ್ಸು ಹೋಗಲಿಲ್ಲ. ಅಕ್ಕ ಹಿಂದಿಯನ್ನು ಒಂದು ವರ್ಷದಲ್ಲಿ ನುಂಗಿಬಿಟ್ಟಳು. ಹಿಂದಿ ಮಾಧ್ಯಮದ ಶಾಲೆ ನನ್ನನ್ನೇ ನುಂಗಿತು. ಅವಳು ಕಾಲೇಜು ಮುಗಿಸಿ, ಟಿವಿ ಧಾರಾವಾಹಿಗಳು ಆಗಷ್ಟೇ ಶುರುವಾಗಿದ್ದ ಕಾಲದಲ್ಲಿ, ಒಂದು ಕಂಪನಿಗೆ ಕಂಟಿನ್ಯೂಟಿ ನೋಡುವ ಕೆಲಸಕ್ಕೆ ಸೇರಿದಳು. ಒಂದೇ ದೃಶ್ಯವನ್ನು ಬೇರೆ ಬೇರೆ ದಿನ ತೆಗೆಯುತ್ತಾರೆ. ಮೊದಲ ದಿನ ನಾಯಕಿಯ ಬಲಗೈಯಲ್ಲಿದ್ದ ಚೀಲ ಎರಡನೆಯ ದಿನ ಎಡಗೈಗೆ ಹೋಗದಂತೆ ನೆನಪಿಟ್ಟುಕೊಳ್ಳುವುದೇ ಆ ಕೆಲಸ. ಒಬ್ಬ ಕ್ಯಾಮೆರಾಮನ್ ಅವಳಿಗೆ ದಿನಾ ಚಹಾ ತರಲು ಹೇಳುತ್ತಿದ್ದನಂತೆ. ಒಂದು ದಿನ ಅಕ್ಕ, "ತರ್ತೀನಿ ಸಾಬ್. ಆದರೆ ನಾನು ಬರೋವರೆಗೆ ಶಾಟ್ ತೆಗೀಬೇಡಿ. ನಾಯಕಿ ಕೈಲಿ ನಿನ್ನೆ ಯಾವ ಬಳೆ ಇತ್ತು ಅಂತ ನಿಮಗೆ ಗೊತ್ತಿಲ್ಲ" ಎಂದು ಎದ್ದು ಹೋದಳು. ಇಡೀ ಯೂನಿಟ್ ಅವಳಿಗಾಗಿ ಕಾಯಬೇಕಾಯಿತು. ಆಮೇಲೆ ಅವಳಿಗೆ ಯಾರೂ ಚಹಾ ಹೇಳಲಿಲ್ಲ.

ಹಾಗೆ ಮೇಲೆ ಬಂದವಳು. ಸಹಾಯಕಿಯಾದಳು, ಬೇರೆಯವರ ಧಾರಾವಾಹಿಗಳ ಉಸ್ತುವಾರಿ ನೋಡಿದಳು, ತೊಂಬತ್ತರ ದಶಕದ ಕೊನೆಗೆ ಸ್ವಂತ ಕಂಪನಿ ಮಾಡಿದಳು. ನಿರ್ಮಾಪಕ ಎಂದರೆ ದುಡ್ಡು ಹಾಕುವವನು ಎಂದು ಜನ ತಿಳಿದಿದ್ದಾರೆ. ಟಿವಿಯಲ್ಲಿ ದುಡ್ಡು ಚಾನೆಲ್ಲಿನದು. ಕತೆ ಹುಡುಕಿ, ಚಾನೆಲ್ಲನ್ನು ಒಪ್ಪಿಸಿ, ಜನ ಕೂಡಿಸಿ, ಹೇಳಿದ ದಿನಕ್ಕೆ ಕಂತು ಮುಟ್ಟಿಸುವುದು ನಿರ್ಮಾಪಕರದು. ಸೆಟ್ಟಿನಲ್ಲಿ ಸೊಳ್ಳೆ ಕಚ್ಚಿದರೂ ಅದಕ್ಕೆ ಜವಾಬು ಕೊಡಬೇಕಾದವರು ಅವರೇ. ಅಕ್ಕನಿಗೆ ಗಂಡ ಬಿಟ್ಟುಹೋಗಿದ್ದ, ಒಬ್ಬಳು ಪುಟ್ಟ ಮಗಳಿದ್ದಳು, ಜೊತೆಗೆ ನಾನಿದ್ದೆ. ಕಂಡಕಂಡಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ ನನ್ನನ್ನು ಕರೆದು ಕೆಲಸ ಕಲಿಸಿದವಳು ಅವಳು. ತಂತ್ರಜ್ಞರ ಸಂಘದಲ್ಲಿ ಕಂಟ್ರೋಲರ್ ಕಾರ್ಡು ಮಾಡಿಸಿಕೊಟ್ಟವಳೂ ಅವಳೇ. ಆ ಕಾರ್ಡಿಲ್ಲದೆ ದಿಲ್ಲಿಯ ಯಾವ ಸೆಟ್ಟಿನಲ್ಲೂ ಆಗ ಕೆಲಸ ಸಿಗುತ್ತಿರಲಿಲ್ಲ.

ಸೆಟ್ಟಿನಲ್ಲಿ ಎಲ್ಲರದೂ ಹಿಂದಿ. ಅಕ್ಕ ನನ್ನ ಜೊತೆ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದಳು. ಅದು ಭಾಷಾಪ್ರೇಮವೇನಲ್ಲ, ನನ್ನ ಮಾನ ಕಾಯುವ ಉಪಾಯ. ನನ್ನಿಂದ ತಪ್ಪಾದಾಗ, ಮುಖದಲ್ಲಿ ನಗು ಇಟ್ಟುಕೊಂಡೇ, "ಮಂಜ, ಊಟದ ಗಾಡಿ ಎಲ್ಲಿ ಸತ್ತಿದೆಯೋ? ಇನ್ನು ಹತ್ತು ನಿಮಿಷದಲ್ಲಿ ಬರದಿದ್ರೆ ನಿನ್ನನ್ನೇ ಬಡಿಸಿಬಿಡ್ತೀನಿ" ಎನ್ನುತ್ತಿದ್ದಳು. ನೋಡುವವರಿಗೆ ಅಕ್ಕ ತಮ್ಮನ ಯೋಗಕ್ಷೇಮ ವಿಚಾರಿಸಿದಂತೆ ಕಾಣುತ್ತಿತ್ತು. ಲೈಟ್‌ಮನ್ ರಾಮ್‌ವೀರ್ ಮಾತ್ರ ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡು, "ಲೋ ಭಾಯ್, ಸಾಂಬಾರ್ ಚಾನೆಲ್ ಶುರು" ಎಂದು ಕೂಗುತ್ತಿದ್ದ. ರಾಮ್‌ವೀರ್ ಘಾಜಿಯಾಬಾದಿನ ಹತ್ತಿರದ ಹಳ್ಳಿಯವನು. ಅಕ್ಕ ಮನೆಯಿಂದ ತರುತ್ತಿದ್ದ ಚಿತ್ರಾನ್ನಕ್ಕೆ 'ಪೀಲಾ ಚಾವಲ್', ಹಳದಿ ಅನ್ನ, ಎಂದು ಹೆಸರಿಟ್ಟು, ಡಬ್ಬಿಯ ಅರ್ಧ ತಾನೇ ಖಾಲಿ ಮಾಡುತ್ತಿದ್ದ.

ಕೆಲಸದ ತಪಾಸಣೆಯೂ ಕನ್ನಡದಲ್ಲೇ. ದಿನದ ಮೊದಲ ಲೈಟ್ ಹಾಕುವ ಮೊದಲು ಅಕ್ಕ ಬಂದು ಕೇಳುವಳು. ಊಟ? ಆಯ್ತು. ಗಾಡಿ? ಆಯ್ತು. ಅರ್ಥಿಂಗ್? ಆಯ್ತು. ನಾನು 'ಆಯ್ತು' ಎಂದರೆ ಅವಳು ಹೋಗಿ ನೋಡುತ್ತಿರಲಿಲ್ಲ. ತಮ್ಮನ ಮಾತು ಸಾಕು ಎಂದುಕೊಂಡಿದ್ದಳು. ಎಷ್ಟೋ ವರ್ಷ ಅದು ಸಾಕಾಗಿಯೂ ಇತ್ತು.

ಅರ್ಥಿಂಗ್ ಬಗ್ಗೆ ಸ್ವಲ್ಪ ಹೇಳಬೇಕು. ಶೂಟಿಂಗಿನ ದೊಡ್ಡ ಲೈಟುಗಳಿಗೆ ಕರೆಂಟು ಬರುವುದು ಗಾಡಿಯ ಮೇಲಿನ ಜನರೇಟರಿನಿಂದ. ಕೇಬಲ್ ಎಲ್ಲಾದರೂ ಸವೆದು ಲೈಟಿನ ಕಬ್ಬಿಣದ ಮೈಗೆ ಕರೆಂಟು ಸೋರಿದರೆ, ಅದು ಮುಟ್ಟಿದವನ ಮೈಯೊಳಗೆ ಹಾಯದೆ ನೆಲಕ್ಕೆ ಇಳಿಯಲು ಒಂದು ದಾರಿ ಬೇಕು. ಅದಕ್ಕಾಗಿ ತಾಮ್ರದ ಸಲಾಕೆಯೊಂದನ್ನು ಹಸಿ ಮಣ್ಣಿನಲ್ಲಿ ಆಳಕ್ಕೆ ಹೊಡೆದು, ಉಪ್ಪುನೀರು ಸುರಿದು, ಜನರೇಟರಿಗೆ ತಂತಿ ಜೋಡಿಸುತ್ತೇವೆ. ಸಣ್ಣ ಕೆಲಸ. ಕ್ಯಾಮೆರಾಕ್ಕೆ ಕಾಣುವುದಿಲ್ಲ, ಯಾರೂ ಮೆಚ್ಚುವುದಿಲ್ಲ.

2004ರಲ್ಲಿ ಅಕ್ಕನಿಗೆ ಜೀವನದ ದೊಡ್ಡ ಕೆಲಸ ಸಿಕ್ಕಿತು. ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರ ಕತೆಯ ಧಾರಾವಾಹಿ. ಅದಕ್ಕಾಗಿ ಅವಳು ಚಾನೆಲ್ ಕಚೇರಿಯ ಮೆಟ್ಟಿಲು ಸವೆಸಿದ್ದಳು. "ಸೀರೆ ಒಡವೆ ಇಲ್ಲದ ಧಾರಾವಾಹಿ ಯಾರು ನೋಡ್ತಾರೆ ವಿಮ್ಲಾ ಜೀ?" ಎಂದು ಅಧಿಕಾರಿಯೊಬ್ಬರು ನಕ್ಕಾಗ, "ಸೀರೆ ಒಡವೆ ಇಲ್ಲದೋರು ನೋಡ್ತಾರೆ ಸರ್. ಅವರೇ ಜಾಸ್ತಿ ಇರೋದು" ಎಂದಳಂತೆ. ಘಾಜಿಯಾಬಾದಿನಲ್ಲಿ ಮುಚ್ಚಿಹೋಗಿದ್ದ ಒಂದು ಕಾರ್ಖಾನೆಯ ಶೆಡ್ಡನ್ನು ಬಾಡಿಗೆಗೆ ಹಿಡಿದೆವು. ಹಳೆಯ ಯಂತ್ರಗಳನ್ನು ಒರೆಸಿ, ಗೋಡೆಗೆ ಬಣ್ಣ ಬಳಿದು, ಶೂಟಿಂಗ್ ಶುರುಮಾಡಿದೆವು.

ಮೂರನೆಯ ವಾರ ಇರಬೇಕು. ಬೆಳಗಿನ ತಿಂಡಿಯ ಗಾಡಿ ತಡವಾಯಿತು. ತಪ್ಪು ನನ್ನದೇ, ಹಿಂದಿನ ಸಂಜೆ ಅಡುಗೆಯವನಿಗೆ ಬದಲಾದ ಹೊತ್ತು ಹೇಳಲು ಮರೆತಿದ್ದೆ. ನಾಯಕಿ ಹಸಿವೆಂದು ಮೇಕಪ್ ಕೋಣೆಯಿಂದ ಹೊರಗೆ ಬರಲಿಲ್ಲ, ಚಾನೆಲ್ಲಿನವರು ಅದೇ ಹೊತ್ತಿಗೆ ಸೆಟ್ ನೋಡಲು ಬಂದಿದ್ದರು. ಅಕ್ಕ ನನ್ನನ್ನು ಕಂಡವಳೇ ಎಲ್ಲರ ಮುಂದೆ ಹಿಂದಿಯಲ್ಲಿ ಬೈದಳು. "ಏಕ್ ಕಾಮ್ ಢಂಗ್ ಸೇ ನಹೀಂ ಹೋತಾ ತುಝ್ ಸೇ?" ಒಂದು ಕೆಲಸ ನೆಟ್ಟಗೆ ಮಾಡಲು ಬರುವುದಿಲ್ಲವೇ ನಿನಗೆ ಎಂದು. ಅಷ್ಟೇ. ಆದರೆ ಹಿಂದಿಯಲ್ಲಿ. ಚಹಾ, ಕುರ್ಚಿ ತಂದುಕೊಡುವ ಸ್ಪಾಟ್ ಕೆಲಸದವರು ಮುಖ ತಿರುಗಿಸಿಕೊಂಡು ನಕ್ಕರು. ರಾಮ್‌ವೀರ್ ನನ್ನ ಬೆನ್ನು ತಟ್ಟಿ, "ಇವತ್ತು ಸಾಂಬಾರಿಗೆ ಸಬ್‌ಟೈಟಲ್ ಬಂತು, ಭಾಯ್" ಎಂದ. ಅವನ ಕೈಯನ್ನು ಕೊಡವಿದೆ. ಆ ದಿನವೆಲ್ಲ ಅಕ್ಕನ ಜೊತೆ ಮಾತಾಡಲಿಲ್ಲ.

ಮರುದಿನ ನಾಯಕಿ ಕಾರ್ಖಾನೆಗೆ ಮೊದಲ ಸಲ ಕೆಲಸಕ್ಕೆ ಬಂದು ನೆಲ ತೊಳೆಯುವ ದೃಶ್ಯ. ಅಂದು ಜನರೇಟರ್ ಗಾಡಿಯನ್ನು ಎಂದಿನ ಜಾಗದಿಂದ ಸರಿಸಬೇಕಾಗಿತ್ತು, ಅದು ನಿಲ್ಲುತ್ತಿದ್ದ ಜಾಗ ಕ್ಯಾಮೆರಾಕ್ಕೆ ಕಾಣುತ್ತಿತ್ತು. ಹೊಸ ಜಾಗದ ಸುತ್ತ ಪೂರ್ತಿ ಸಿಮೆಂಟು. ಮಣ್ಣು ಬೇಕೆಂದರೆ ಕಾಂಪೌಂಡಿನ ಆಚೆ, ಚರಂಡಿ ದಾಟಿ ಹೋಗಬೇಕು. ಜನರೇಟರ್ ನೋಡಿಕೊಳ್ಳುತ್ತಿದ್ದ ಸಲೀಂ, "ಮಂಜು ಭಾಯ್, ಸಲಾಕೆ ಎಲ್ಲಿ ಹೊಡೀಲಿ?" ಎಂದು ಕೇಳಿದ. "ಮೊದಲ ಶಾಟ್ ಆಗಲಿ, ಆಮೇಲೆ ನೋಡೋಣ. ಇವತ್ತು ನನ್ನಿಂದ ತಡ ಆಯ್ತು ಅಂತ ಯಾರೂ ಅನ್ನಬಾರದು" ಎಂದೆ. ಹಿಂದಿನ ದಿನದ ಉರಿ ಇನ್ನೂ ಆರಿರಲಿಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ನನ್ನ ಪಕ್ಕದಲ್ಲಿ ನಿಂತು, ತಗ್ಗಿದ ದನಿಯಲ್ಲಿ, ಕನ್ನಡದಲ್ಲಿ ಕೇಳಿದಳು.

"ಗಾಡಿ ಜಾಗ ಬದಲಾಯ್ತಲ್ಲ, ಅರ್ಥಿಂಗ್ ಆಯ್ತಾ ಮಂಜ? ಇವತ್ತು ನೆಲವೆಲ್ಲ ನೀರು."

"ಆಯ್ತು" ಎಂದೆ.

"ನಿನ್ನೆ ಅಷ್ಟು ಜನರ ಮುಂದೆ ಅನ್ನಬಾರದಿತ್ತು ಕಣೋ. ಬೇಜಾರು ಮಾಡ್ಕೋಬೇಡ."

"ಆಯ್ತು ಅಂದ್ನಲ್ಲ. ಹೋಗು, ಶಾಟ್ ತಗೊ" ಎಂದು ಮುಖ ತಿರುಗಿಸಿದೆ.

ಸಲೀಂ ನಾಲ್ಕು ಹೆಜ್ಜೆ ಆಚೆ, ಗುಡುಗುಡಿಸುತ್ತಿದ್ದ ಜನರೇಟರಿನ ಪಕ್ಕದಲ್ಲಿದ್ದ. ಆ ಸದ್ದಿನಲ್ಲಿ 'ಅರ್ಥಿಂಗ್' ಎಂಬ ಪದವೂ ಅವನ ಕಿವಿಗೆ ಬೀಳಲಿಲ್ಲ, ಉಳಿದದ್ದು ಅವನಿಗೆ ತಿಳಿಯದ ಭಾಷೆ. ತಿಳಿದಿದ್ದರೆ ಅವನು ಅಲ್ಲೇ ನನ್ನ ಸುಳ್ಳು ಹಿಡಿಯುತ್ತಿದ್ದ.

ನೆಲಕ್ಕೆ ಬಕೆಟ್ಟುಗಟ್ಟಲೆ ನೀರು ಸುರಿದರು. ನಿರ್ದೇಶಕರು ಲೈಟನ್ನು ತುಸು ಎಡಕ್ಕೆ ಸರಿಸಲು ಹೇಳಿದರು. ರಾಮ್‌ವೀರ್ ಚಪ್ಪಲಿ ಕಾಲಲ್ಲಿ ನೀರಿನ ಮೇಲೆ ನಡೆದುಹೋಗಿ, ಲೈಟಿನ ಸ್ಟ್ಯಾಂಡನ್ನು ಬಲಗೈಯಲ್ಲಿ ಹಿಡಿದ. ಹಿಡಿದ ಕೈ ಬಿಡಲಿಲ್ಲ. ಮೊದಲು ನಾವೆಲ್ಲ ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆವು. ಅವನು ಅಂಥವನೇ. ಅಕ್ಕನಿಗೆ ಮಾತ್ರ ಹೊಳೆಯಿತು. "ಸಲೀಂ, ಬಂದ್ ಕರೋ!" ಎಂದು ಕೂಗುತ್ತಾ, ಪಕ್ಕದಲ್ಲಿದ್ದ ಮರದ ಹಲಗೆ ಎತ್ತಿಕೊಂಡು ಓಡಿಬಂದು ಸ್ಟ್ಯಾಂಡಿಗೆ ಬಲವಾಗಿ ಬಡಿದಳು. ಸ್ಟ್ಯಾಂಡು ಒಂದು ಕಡೆ ಬಿತ್ತು, ರಾಮ್‌ವೀರ್ ಇನ್ನೊಂದು ಕಡೆ ಬಿದ್ದ. ಅವಳೇ ಅವನ ಎದೆ ಒತ್ತಿದಳು, ಅವಳೇ ಗಾಡಿಯಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋದಳು. ನಾನು ನಿಂತಲ್ಲೇ ನಿಂತಿದ್ದೆ. ಜನರೇಟರ್ ಗಾಡಿಯ ಮೂಲೆಯಲ್ಲಿ, ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ತಾಮ್ರದ ಸಲಾಕೆ ನನಗೆ ಕಾಣುತ್ತಿತ್ತು.

ರಾಮ್‌ವೀರ್ ಉಳಿದ. ಬಲಗೈ ಉಳಿಯಲಿಲ್ಲ. ಕೈ ಇದೆ, ಬೆರಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತವು. ಲೈಟ್‌ಮನ್‌ಗೆ ಕೈಯೇ ವಿದ್ಯೆ.

ವಿಚಾರಣೆಗೆ ಸಂಘದವರು ಸಭೆ ಕರೆದರು. ಮುಖರ್ಜಿ ನಗರದಲ್ಲಿ ಒಂದು ಕೋಚಿಂಗ್ ಸೆಂಟರಿನ ಮೇಲಿನ ಹಾಲ್. ಕೆಳಗೆ ಮೇಷ್ಟ್ರೊಬ್ಬರು ಮೈಕಿನಲ್ಲಿ ಸಂವಿಧಾನದ ಪಾಠ ಮಾಡುತ್ತಿದ್ದರು, ಆ ದನಿ ನಮ್ಮ ನೆಲದೊಳಗಿಂದ ಗುಂಯ್ಗುಡುತ್ತಿತ್ತು. ಚಾನೆಲ್ಲಿನವರೂ ಬಂದಿದ್ದರು. ಅರ್ಥಿಂಗ್ ಆಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗಿತ್ತು, ಸಲಾಕೆ ಗೋಣಿಯಲ್ಲೇ ಸಿಕ್ಕಿತ್ತು. ಮೊದಲ ಶಾಟ್ ಆಗಲಿ ಎಂದು ನಾನಂದದ್ದನ್ನು ಸಲೀಂ ಹೇಳಿದ್ದ, ಆದರೆ ಲೈಟ್ ಹಾಕುವ ಮೊದಲು ಕೇಳಿ ಖಾತ್ರಿ ಮಾಡಿಕೊಳ್ಳಬೇಕಾದವರು ನಿರ್ಮಾಪಕರು ಎಂಬುದು ಸಂಘದ ನಿಯಮ. ತಿಳಿಯಬೇಕಿದ್ದದ್ದು ಒಂದೇ. ನಿರ್ಮಾಪಕಿ ಕೇಳಿಯೂ ಕೆಲಸದವನು ಸುಳ್ಳು ಹೇಳಿದನೋ, ಅಥವಾ ಅವಸರದಲ್ಲಿ ನಿರ್ಮಾಪಕಿ ಕೇಳಲೇ ಇಲ್ಲವೋ? ಮೊದಲನೆಯದಾದರೆ ನನ್ನ ಕಾರ್ಡು ಹೋಗುತ್ತಿತ್ತು. ಎರಡನೆಯದಾದರೆ ಅಕ್ಕನ ಕಂಪನಿಯ ಜೊತೆ ಯಾವ ತಂತ್ರಜ್ಞನೂ ಕೆಲಸ ಮಾಡುವಂತಿಲ್ಲ.

ಅಕ್ಕ ಎದ್ದು ನಿಂತು, "ನಾನು ಕೇಳಿದ್ದೆ" ಎಂದಳು.

ಸಂಘದ ಅಧ್ಯಕ್ಷ ಖುರಾನಾ ಸಾಹೇಬರು ಒಬ್ಬೊಬ್ಬರನ್ನೇ ವಿಚಾರಿಸಿದರು. ಕ್ಯಾಮೆರಾದವರು, ಸ್ಪಾಟಿನವರು, ಎಲ್ಲರದೂ ಒಂದೇ ಮಾತು: ಮ್ಯಾಡಂ ಕೇಳಿದ್ದು ನಮ್ಮ ಕಿವಿಗೆ ಬಿದ್ದಿಲ್ಲ. ಸಲೀಂ, "ಅಕ್ಕ ತಮ್ಮ ಏನೋ ಮಾತಾಡಿದರು ಸಾಬ್. ಅವರ ಭಾಷೆ, ನನಗೇನು ಗೊತ್ತು? ತಿಂಡಿ ವಿಷಯವೂ ಇರಬಹುದು" ಎಂದ. ಕೆಲವರು ನಕ್ಕರು.

ಆಗ ಅಧ್ಯಕ್ಷರು ನನ್ನನ್ನು ಎಬ್ಬಿಸಿದರು. "ಮ್ಯಾಡಂ ನೇ ಪೂಛಾ ಥಾ?" ಮ್ಯಾಡಂ ಕೇಳಿದ್ದರೇ?

ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ಬೇಡುವ ನೋಟವಲ್ಲ ಅದು. ಅವಳಿಗೆ ನನ್ನ ಮೇಲೆ ಅನುಮಾನವೇ ಇರಲಿಲ್ಲ, ತಮ್ಮ ಹೇಳುತ್ತಾನೆ ಎಂಬ ನೆಮ್ಮದಿಯಲ್ಲಿ ನೋಡಿದಳು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಇವಳು ಓದಿದವಳು, ಹೆಸರಿರುವವಳು, ಹೇಗೋ ಎದ್ದು ನಿಲ್ಲುತ್ತಾಳೆ. ಕಾರ್ಡು ಹೋದರೆ ಎಂಟನೇ ತರಗತಿಯವನನ್ನು ಯಾರು ಕೇಳುತ್ತಾರೆ? ಅದರ ಅಡಿಯಲ್ಲಿ ಇನ್ನೊಂದು ಕೆಟ್ಟ ಯೋಚನೆಯೂ ಇತ್ತು: ಎಲ್ಲರ ಮುಂದೆ ತಲೆ ತಗ್ಗಿಸುವುದು ಹೇಗಿರುತ್ತದೆಂದು ಇವಳಿಗೂ ಒಮ್ಮೆ ಗೊತ್ತಾಗಲಿ. ಇದನ್ನು ಮುಚ್ಚಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ.

"ಯಾದ್ ನಹೀಂ" ಎಂದೆ. ನೆನಪಿಲ್ಲ.

ಕೆಳಗೆ ಮೇಷ್ಟ್ರು ಮೂಲಭೂತ ಹಕ್ಕುಗಳನ್ನು ಹೇಳಿಕೊಡುತ್ತಿದ್ದರು. ಅಕ್ಕ ನನ್ನಿಂದ ಮುಖ ತಿರುಗಿಸಿದಳು. ಆಮೇಲೆ ಅಧ್ಯಕ್ಷರಿಗೆ ನೇರವಾಗಿ ಹೇಳಿದಳು. "ಸೆಟ್ ನನ್ನದು, ರಾಮ್‌ವೀರ್ ನನ್ನ ಸೆಟ್ಟಿನಲ್ಲಿ ಬಿದ್ದ. ಹೊಣೆ ನನ್ನದು, ಶಿಕ್ಷೆ ಕೊಡಿ. ಆದರೆ ಕೇಳಲಿಲ್ಲ ಅಂತ ಬರೀಬೇಡಿ. ಕೇಳಿದ್ದೆ. ಇನ್ನು ಹತ್ತು ವರ್ಷ ಬಿಟ್ಟು ಕರೆದರೂ ಬಂದು ಇದನ್ನೇ ಹೇಳ್ತೀನಿ." ಚಾನೆಲ್ಲಿನ ಅಧಿಕಾರಿ, "ಮ್ಯಾಡಂ, ಕ್ಷಮೆ ಕೇಳಿಬಿಡಿ, ಏನಾದರೂ ದಾರಿ ಮಾಡೋಣ" ಎಂದರು. ಅಕ್ಕ, "ರಾಮ್‌ವೀರ್ ಹತ್ತಿರ ಕೇಳಿದ್ದೀನಿ. ಮಾಡದ ತಪ್ಪಿಗೆ ನಿಮ್ಮ ಹತ್ತಿರ ಕೇಳಲ್ಲ" ಎಂದು ಚೀಲ ಹೆಗಲಿಗೇರಿಸಿ ಹೊರಟುಹೋದಳು. ಮೆಟ್ಟಿಲಿಳಿಯುವ ಸದ್ದು ನನಗೆ ಕೇಳಿಸುತ್ತಲೇ ಇತ್ತು.

ಅಕ್ಕ ಕೇಳಲಿಲ್ಲ ಎಂದೇ ಸಂಘದವರು ಬರೆದು, ಅವಳ ಕಂಪನಿಗೆ ನಿಷೇಧ ಹಾಕಿದರು. ಧಾರಾವಾಹಿ ಇನ್ನೊಂದು ಕಂಪನಿಗೆ ಹೋಯಿತು. ಸೆಟ್ಟಿನ ಮೂಲೆ ಮೂಲೆ ಬಲ್ಲ ಕಂಟ್ರೋಲರ್ ಬೇಕೆಂದು ಅವರು ನನ್ನನ್ನು ಕರೆದರು. ನಾನು ಹೋದೆ. ಅಕ್ಕ ಕಟ್ಟಿದ ಸೆಟ್ಟಿನಲ್ಲಿ, ಅಕ್ಕ ಹುಡುಕಿದ ಕತೆಗೆ, ಬೇರೆಯವರ ಹೆಸರಿನಡಿಯಲ್ಲಿ ಊಟದ ಗಾಡಿ ತಂದು ನಿಲ್ಲಿಸಿದೆ. ಅದು ಯಶಸ್ವಿಯೂ ಆಯಿತು. ಅಕ್ಕನ ಮನೆಗೆ ಹೋಗುವುದನ್ನು ಬಿಟ್ಟೆ. ಅವಳ ಮಗಳು ಪುಟ್ಟಿ ಆಗಾಗ ಫೋನ್ ಮಾಡುತ್ತಿದ್ದಳು. "ಮಾಮಾ, ಆಪ್ ಯಾಕೆ ಬರಲ್ಲ? ಅಮ್ಮ ಬೋಲ್ತೀ ಹೈ ಮಾಮಂಗೆ ಟೈಮ್ ಇಲ್ಲ. ಅಷ್ಟೊಂದು ಕ್ಯಾ ಬ್ಯುಸಿ?" ಎಂದು ಎರಡೂ ಭಾಷೆ ಕಲಸಿ ಕೇಳುವಳು. ಅಕ್ಕ ಮಗಳಿಗೆ ವಿಷಯ ಹೇಳಿರಲಿಲ್ಲ. ಅಲ್ಲೂ ನನ್ನ ಮಾನ ಕಾಯುತ್ತಲೇ ಇದ್ದಳು.

ಜನ ಅಕ್ಕನ ಕತೆ ಮುಗಿಯಿತೆಂದರು. ಮುಗಿಯಲಿಲ್ಲ, ಸ್ವಾಮಿ. ದಿಲ್ಲಿಯ ಸಂಘ ಬಾಗಿಲು ಮುಚ್ಚಿದರೆ ಅವಳು ದಿಲ್ಲಿಯ ಗಡಿಯಾಚೆಯ ಮಾನೇಸರ್‌ಗೆ ಹೋದಳು. ಅಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಗಳಿವೆ. ಹೊಸ ಕಾರ್ಮಿಕರಿಗೆ ತೋರಿಸಲು, ಯಂತ್ರದ ಹತ್ತಿರ ಕೈ ಹೇಗೆ ಇಡಬೇಕು, ಕರೆಂಟಿನ ಹತ್ತಿರ ಹೇಗಿರಬೇಕು ಎಂದು ಹೇಳುವ ಸಣ್ಣ ಸಣ್ಣ ಚಿತ್ರಗಳನ್ನು ತೆಗೆಯಲು ಶುರುಮಾಡಿದಳು. ಒಂದು ಕ್ಯಾಮೆರಾ, ಬಾಡಿಗೆಯ ಒಂದೆರಡು ಲೈಟು, ಒಂದು ಜನರೇಟರ್, ಸಂಘಕ್ಕೆ ಸೇರದ ನಾಲ್ಕು ಜನ. ಬೆಳಕಿನ ಉಸ್ತುವಾರಿಗೆ ರಾಮ್‌ವೀರ್. "ಕೈ ಹೋದರೇನು, ಕಣ್ಣು ಇದೆಯಲ್ಲ. ಎಲ್ಲಿ ಇಡಬೇಕು ಅಂತ ನೀನು ಹೇಳು, ಬೇರೆಯವರು ಎತ್ತಿ ಇಡ್ತಾರೆ" ಎಂದು ಅವನನ್ನು ಕರೆಸಿಕೊಂಡಿದ್ದಳು.

ಇತ್ತ ನಮ್ಮ ಸೆಟ್ಟುಗಳಲ್ಲಿ ಅವಳಿಗೊಂದು ಅಡ್ಡಹೆಸರು ಬಿದ್ದಿತ್ತು. 'ಬಿನಾ ಅರ್ಥಿಂಗ್ ವಾಲೀ ಮ್ಯಾಡಂ', ಅರ್ಥಿಂಗ್ ಇಲ್ಲದ ಮ್ಯಾಡಂ. 2009ರಲ್ಲಿ ಒಂದು ಸೆಟ್ಟಿನಲ್ಲಿ ಊಟಕ್ಕೆ ಕೂತಿದ್ದೆವು. ಹೊಸ ನಿರ್ದೇಶಕನೊಬ್ಬ, ನಾನು ಅವಳ ತಮ್ಮನೆಂದು ತಿಳಿಯದೆ, ಆ ಹೆಸರು ಹೇಳಿ, ಅಕ್ಕ ಹಲಗೆ ಎತ್ತಿಕೊಂಡು ಓಡಿದ್ದನ್ನು ನಟಿಸಿ ತೋರಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ರೊಟ್ಟಿ ಕೈಯಲ್ಲಿತ್ತು, ಬಾಯಿ ನಗುತ್ತಿತ್ತು. ಆ ಹಲಗೆ ಇಲ್ಲದಿದ್ದರೆ ರಾಮ್‌ವೀರ್ ಸತ್ತಿರುತ್ತಿದ್ದ ಎಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಎದ್ದೆ. ಮರುದಿನ ಮಾನೇಸರ್‌ಗೆ ಹೋದೆ.

ಅಕ್ಕ ಒಂದು ಕಾರ್ಖಾನೆಯ ಅಂಗಳದಲ್ಲಿ ಶೂಟಿಂಗಿನಲ್ಲಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನಾನು ಗೇಟಿನ ಹತ್ತಿರ ನಿಂತು ನೋಡಿದೆ. ಲೈಟ್ ಹಾಕುವ ಮೊದಲು ಅವಳು ಎಲ್ಲರಿಗೂ ಕೇಳುವಂತೆ, ಹಿಂದಿಯಲ್ಲಿ, "ಅರ್ಥಿಂಗ್ ಹುವಾ?" ಎಂದು ಕೂಗಿದಳು. "ಹೋ ಗಯಾ", ಆಯ್ತು, ಎಂದ ಜನರೇಟರಿನವನು. ಅಷ್ಟಕ್ಕೆ ಅವಳು ಬಿಡಲಿಲ್ಲ. "ಚಲೋ, ದಿಖಾವೋ" ಎಂದಳು, ನಡಿ, ತೋರಿಸು ಎಂದು. ಅವನು ಮುಂದೆ, ಅಕ್ಕ, ರಾಮ್‌ವೀರ್, ಇಡೀ ತಂಡ ಹಿಂದೆ. ಮೆರವಣಿಗೆಯಂತೆ ಹೋಗಿ, ಮಣ್ಣಿನಲ್ಲಿ ನಿಂತಿದ್ದ ಸಲಾಕೆಯನ್ನು ಎಲ್ಲರೂ ಕಣ್ಣಾರೆ ನೋಡಿದರು. ಅವಳ ಸೆಟ್ಟಿನಲ್ಲಿ ಅದು ದಿನದ ನಿಯಮವಾಗಿತ್ತು. ಬಾಯಿಮಾತಿನ 'ಆಯ್ತು' ಅಲ್ಲಿ ನಡೆಯುತ್ತಿರಲಿಲ್ಲ. ಆ ನಿಯಮ ಎಲ್ಲಿಂದ ಹುಟ್ಟಿತೆಂದು ನನಗೆ ಯಾರೂ ವಿವರಿಸಬೇಕಿರಲಿಲ್ಲ.

ಊಟದ ಹೊತ್ತಿಗೆ ಅವಳ ಹತ್ತಿರ ಹೋದೆ. "ಬಂದ್ಯಾ? ಕೂತ್ಕೊ. ಚಿತ್ರಾನ್ನ ಇದೆ" ಎಂದಳು, ನಿನ್ನೆ ಮೊನ್ನೆ ನೋಡಿದ್ದಂತೆ. ನಾನು ಕೂರಲಿಲ್ಲ. ತಗ್ಗಿದ ದನಿಯಲ್ಲಿ, ಕನ್ನಡದಲ್ಲಿ ಶುರುಮಾಡಿದೆ. "ಅಕ್ಕ, ಅವತ್ತು ನೀನು ಕೇಳಿದ್ದು ನನಗೆ ನೆನಪಿತ್ತು…"

ಅವಳು ಅರ್ಧಕ್ಕೇ ತಡೆದಳು. "ನಂಗೊತ್ತಿಲ್ವೇನೋ? ಕೇಳಿದೋಳು ನಾನು, ಉತ್ತರ ಕೇಳಿಸಿಕೊಂಡೋಳೂ ನಾನು. ನನಗೆ ಗೊತ್ತಿರೋದನ್ನೇ ನನ್ನ ಕಿವಿಗೆ ಹೇಳೋಕೆ ದಿಲ್ಲಿಯಿಂದ ಬಂದ್ಯಾ?"

"ತಪ್ಪಾಯ್ತು ಅಂತ…"

"ಬೇಡ. ಕನ್ನಡದಲ್ಲಿ, ಪಿಸುಮಾತಲ್ಲಿ, ನಂಗೊಬ್ಬಳಿಗೆ ಹೇಳೋ ಕ್ಷಮೆ ನಂಗೆ ಬೇಡ ಮಂಜ. ನಿನ್ನ ಸುಳ್ಳನ್ನೂ ಹಿಂಗೇ ಹೇಳಿದ್ದೆ. ಗೊತ್ತಿಲ್ಲದೋರು ಅಲ್ಲಿದ್ದಾರೆ. ಧೈರ್ಯ ಇದ್ರೆ ಅವರಿಗೆ ಹೇಳು, ಅವರಿಗೆ ಅರ್ಥ ಆಗೋ ಭಾಷೇಲಿ ಹೇಳು. ಇಲ್ಲಾಂದ್ರೆ ಊಟ ಮಾಡಿ ಹೋಗು. ನೀನು ನನ್ನ ತಮ್ಮ ಅಲ್ಲ ಅಂತ ನಾನೇನೂ ಅಂದಿಲ್ಲ."

ಅಷ್ಟು ಹೇಳಿ ನನ್ನ ಕೈಗೆ ತಟ್ಟೆ ಕೊಟ್ಟಳು. ನಾನು ತಿಂದೆ. ತಟ್ಟೆ ತೊಳೆದಿಟ್ಟು ದಿಲ್ಲಿಯ ಬಸ್ಸು ಹಿಡಿದೆ.

ಆ ವರ್ಷದ ಸಂಘದ ಸರ್ವಸದಸ್ಯರ ಸಭೆ ಅದೇ ಮುಖರ್ಜಿ ನಗರದ ಹಾಲಿನಲ್ಲಿತ್ತು. ಮಾತಾಡಲು ನನ್ನ ಹೆಸರು ಕೊಟ್ಟೆ. ಅಕ್ಕನಿಗೂ ರಾಮ್‌ವೀರನಿಗೂ ಬರಲು ಹೇಳಿದೆ. ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಕಾರ್ಡು ಹೋಯಿತು, ಹೋಗಲೇಬೇಕಿತ್ತು. ಅಕ್ಕನ ಮೇಲಿನ ನಿಷೇಧ ತೆಗೆದರು. ಆದರೆ ಅವಳು ದಿಲ್ಲಿಯ ಧಾರಾವಾಹಿಗಳಿಗೆ ಹಿಂತಿರುಗಲಿಲ್ಲ. "ಕರೆದಾಗ ಹೋಗೋಕೆ ನಾನೇನು ಊಟದ ಗಾಡಿಯಾ?" ಎಂದು ಮಾನೇಸರಿನಲ್ಲೇ ಉಳಿದಳು. ನನ್ನನ್ನು ಕೆಲಸಕ್ಕೆ ಕರೆಯಲೂ ಇಲ್ಲ, ನಾನು ಕೇಳಲೂ ಇಲ್ಲ. ಈಗ ನಾನು ಘಾಜಿಯಾಬಾದಿನಲ್ಲಿ ಮದುವೆ ಮನೆಗಳಿಗೆ ಜನರೇಟರ್ ಬಾಡಿಗೆ ಕೊಡುತ್ತೇನೆ. ಸಲಾಕೆಯನ್ನು ನನ್ನ ಕೈಯಿಂದಲೇ ಹೊಡೆಯುತ್ತೇನೆ, ಮದುವೆಯವರನ್ನು ಕರೆದು ತೋರಿಸಿಯೇ ಸ್ವಿಚ್ ಹಾಕುತ್ತೇನೆ. ಕೆಲವರು ನಗುತ್ತಾರೆ, ನಗಲಿ. 'ಆಗಿಲ್ಲ' ಎನ್ನಬೇಕಾದಾಗ ಇಡೀ ಯೂನಿಟ್ ಕಾಯುತ್ತಿದ್ದರೂ ಆಗಿಲ್ಲ ಎನ್ನಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಇಷ್ಟನ್ನು ಕಲಿಯಲು ಒಬ್ಬನ ಕೈ, ಒಬ್ಬಳ ಹೆಸರು ಖರ್ಚಾದವು.

ಆ ದಿನ ಹಾಲ್ ತುಂಬಿತ್ತು. ಖುರಾನಾ ಸಾಹೇಬರೇ ಇನ್ನೂ ಅಧ್ಯಕ್ಷರು. ಕೆಳಗೆ ಯಾರೋ ಹೊಸ ಮೇಷ್ಟ್ರು ಪಾಠ ಮಾಡುತ್ತಿದ್ದರು. ಅಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ರಾಮ್‌ವೀರ್. ನನ್ನ ಹೆಸರು ಕರೆದರು. ನಾನು ಮೈಕಿನ ಮುಂದೆ ನಿಂತು, ಶಾಲೆಯಲ್ಲಿ ನನ್ನನ್ನು ಸೋಲಿಸಿದ್ದ ಹಿಂದಿಯಲ್ಲಿ ಹೇಳಿದೆ.

"ಮ್ಯಾಡಂ ಕೇಳಿದ್ದರೇ ಎಂದು ನೀವು ಇದೇ ಜಾಗದಲ್ಲಿ ನನ್ನನ್ನು ಕೇಳಿದಿರಿ. ನೆನಪಿಲ್ಲ ಎಂದೆ. ನೆನಪಿತ್ತು. ಅವರು ಕೇಳಿದ್ದರು, ನಮ್ಮ ಭಾಷೆಯಲ್ಲಿ ಕೇಳಿದ್ದರು, ನೆಲವೆಲ್ಲ ನೀರು ಎಂದೂ ಹೇಳಿದ್ದರು. ಆಗಿದೆ ಎಂದು ನಾನು ಸುಳ್ಳು ಹೇಳಿದೆ. ಅರ್ಥಿಂಗ್ ಇಲ್ಲದವನು ನಾನು. ಇನ್ನು ಮುಂದೆ ಆ ಹೆಸರಿಂದ ಯಾರನ್ನಾದರೂ ಕರೆಯುವುದಿದ್ದರೆ ನನ್ನನ್ನು ಕರೆಯಿರಿ. ರಾಮ್‌ವೀರ್ ಭಾಯ್, ನಿಮ್ಮ ಕೈ ತೆಗೆದವನು ನಾನು. ನನ್ನನ್ನು ಕ್ಷಮಿಸಿ, ಕ್ಷಮಿಸದಿದ್ದರೂ ಸರಿ."

ರಾಮ್‌ವೀರ್ ನಿಧಾನವಾಗಿ ಎದ್ದ. ಮಡಚಿದ ಬೆರಳುಗಳ ಕೈಯನ್ನು ಎದುರಿನ ಕುರ್ಚಿಯ ಬೆನ್ನಿನ ಮೇಲೆ ಊರಿ, "ಕ್ಯೋಂ ಭಾಯ್," ಎಂದ, "ಇಷ್ಟು ಹಿಂದಿ ಕಲಿಯೋಕೆ ಐದು ವರ್ಷ ಬೇಕಾಯ್ತಾ?"

ಒಂದಿಬ್ಬರು ನಕ್ಕರು. ಅವನು ನಗಲಿಲ್ಲ. ಕೂತುಕೊಂಡ.

ನಾನು ಅಕ್ಕನ ಕಡೆ ತಿರುಗಿದೆ. ಅವಳು ತಲೆ ಎತ್ತಿಯೇ ಕೂತಿದ್ದಳು, ಮೊದಲ ಸಲ ಈ ಹಾಲಿನಲ್ಲಿ ಕೂತಿದ್ದ ಹಾಗೆಯೇ. ಈ ಮಾತಿಗೆ ನನಗೆ ಮೈಕು ಬೇಕಾಗಲಿಲ್ಲ. ಮಾನೇಸರಿನಲ್ಲಿ ಪಿಸುಗುಟ್ಟಿದ್ದ 'ತಪ್ಪಾಯ್ತು' ಎಂಬುದನ್ನೇ, ಇಡೀ ಹಾಲಿಗೆ ಕೇಳುವಷ್ಟು ಗಟ್ಟಿಯಾಗಿ, ಎಲ್ಲರಿಗೂ ತಿಳಿಯುವ ಹಿಂದಿಯಲ್ಲೇ ಹೇಳಿದೆ. ಒಂದೇ ಒಂದು ಪದ ಮಾತ್ರ ಕನ್ನಡದಲ್ಲಿ ಉಳಿಯಿತು.

"ಅಕ್ಕಾ, ಗಲ್ತೀ ಮೇರೀ ಥೀ. ಮುಝೇ ಮಾಫ್ ಕರ್ ದೋ."